ಆ ತುದಿ ನೀವು ಹಿಡಿಯಿರಿ

"ಯಾರಪ್ಪಾ ಇದು, ಇನ್ನೂ ಜೇಬಲ್ಲೇ ಮಲಗಿರೋದು?"

ಕೇಳಿದವರಿಗೆ ಉತ್ತರ ಬೇಕಿಲ್ಲ; ಅಂಗಡಿಗೆ ಗಿರಾಕಿಗಳು ಇನ್ನೂ ಬಂದಿಲ್ಲ. ಬೆಳಕು ಇನ್ನೂ ರಸ್ತೆಗೆ ಇಳಿದಿಲ್ಲ. ಬೀದಿಯವರೆಲ್ಲ 'ಇಸ್ತ್ರಿ ಅಕ್ಕ' ಎಂದು ಕರೆಯುವ ಈ ಹೆಂಗಸು ಶಾಲೆಯ ಪ್ಯಾಂಟೊಂದರ ಜೇಬನ್ನು ತಿರುವಿ ಹೊರಗೆಳೆಯುತ್ತಾರೆ. ಪೆನ್ನಿನ ಮುಚ್ಚಳ, ಅರ್ಧ ತಿಂದ ಚಾಕಲೇಟು, ಯಾವುದೋ ಅಂಗಿಯ ಗುಂಡಿ. ಬಟ್ಟೆ ಒಗೆತದ ಯಂತ್ರಕ್ಕೆ ಬೀಳುವ ಮೊದಲು ಒಂದೊಂದು ಜೇಬನ್ನೂ ತಡಕುವುದು ಅವರ ದಿನದ ಮೊದಲ ಕೆಲಸ. ಪ್ರಾರ್ಥನೆಗೆ ಕೂತವರ ನಿಧಾನ ಅದರಲ್ಲಿದೆ. "ಒಂದು ಪೆನ್ನು ಒಳಗೆ ಹೋದ್ರೆ ಸಾಕು, ಬೀದಿಯ ಬಿಳಿ ಅಂಗಿಯೆಲ್ಲ ನೀಲಿ," ಎಂದು ನಗುತ್ತಾರೆ.

ಸಿಕ್ಕಿದ್ದು ಸಣ್ಣ ಡಬ್ಬಿ ಸೇರಿ ಮೇಲಿನ ಕಪಾಟು ಹತ್ತುತ್ತದೆ. ಅಲ್ಲಿಂದ ಇಳಿಯುವುದು ಜೇಬಿನ ಒಡೆಯರ ಕೈಗೆ ಮಾತ್ರ. ಬಟ್ಟೆ ತಂದವರು ಅಪ್ಪನೋ ಅಮ್ಮನೋ ಆಗಿದ್ದರೆ, "ಮಗನ್ನೇ ಕಳಿಸಿ" ಎಂಬ ಒಂದೇ ಮಾತು. ಜೀವಕ್ಕೆ ಕುತ್ತು ತರುವಂಥದ್ದು ಸಿಕ್ಕರೆ? ಆಗ ತಡ ಮಾಡುವುದಿಲ್ಲ, ಮಗುವಿನ ಕೈ ಹಿಡಿದು ತಾವೇ ಮನೆವರೆಗೆ ಹೋಗುತ್ತಾರೆ. ಒಮ್ಮೆ ಹೋಗಿದ್ದಾರಂತೆ. ಅದರಾಚೆ ಬಾಯಿ ಬಿಡುವುದಿಲ್ಲ.

ಅಂಗಡಿ ಶುರು ಮಾಡಿದ್ದು ಗಂಡ. ಬೆನ್ನು ಸೋತ ಮೇಲೆ ಅವರು ಮನೆಯ ಅಡುಗೆ ವಹಿಸಿಕೊಂಡರು, ಅಕ್ಕ ಇಸ್ತ್ರಿ ಪೆಟ್ಟಿಗೆ ಹಿಡಿದರು. "ನಾನು ಸುಟ್ಟಿದ್ದು ಅಂಗಿ ಮಾತ್ರ, ಅವರು ಸುಡೋದು ದಿನಾ ಸಾರು," ಎನ್ನುವ ಅಕ್ಕನ ಮುಂಗೈ ತುಂಬ ಹಳೆಯ ಬರೆಗಳಿವೆ. ದಿನಕ್ಕೆ ನೂರರ ಆಸುಪಾಸು ಬಟ್ಟೆ. ಜೊತೆಗೆ ಪಕ್ಕದ ಹಾಸ್ಟೆಲಿನ ಬೆಡ್‌ಶೀಟುಗಳ ರಾಶಿ. ಬೆಡ್‌ಶೀಟು ಮಡಚಲು ಇಬ್ಬರು ಬೇಕು, ಇಲ್ಲಿರುವುದು ಒಬ್ಬರೇ. ಹಾಗಾಗಿ ಬಟ್ಟೆ ಒಯ್ಯಲು ಬಂದವರಿಗೇ ಒಂದು ತುದಿ ಕೊಡುವುದು ರೂಢಿಯಾಯಿತು.

ಒಮ್ಮೆ ಮುಖ ಗಂಟಿಕ್ಕಿಕೊಂಡು ಬಂದ ತಾಯಿ-ಮಗನ ಕೈಗೆ ಒಂದೊಂದು ತುದಿ ಕೊಟ್ಟು ಅಕ್ಕ ತಮ್ಮ ಕೆಲಸಕ್ಕೆ ತಿರುಗಿದರಂತೆ. ರಾಶಿ ಕರಗುವಷ್ಟರಲ್ಲಿ ಅವರಿಬ್ಬರೂ ಮಾತಿಗಿಳಿದಿದ್ದರು. "ಎದುರಿಗೆ ಕೂರಿಸ್ಕೊಂಡು 'ಹೇಳು, ಏನಾಯ್ತು' ಅಂದ್ರೆ ಯಾವ ಮಗು ಹೇಳುತ್ತೆ? ಪೊಲೀಸ್ ಠಾಣೆನಾ ಅದು? ಕೈಗೆ ಕೆಲ್ಸ ಕೊಡಿ, ಬಾಯಿ ತಾನಾಗೇ ಬಿಚ್ಚುತ್ತೆ."

ಹೋದ ವಾರ ಮೂಲೆಯ ಔಷಧಿ ಅಂಗಡಿಯವರ ಸರದಿ. ಮಗಳಿಗೆ ಹದಿನೈದು. ಅಂಕ ಇಳಿದಿದೆ, ಊಟದ ಹೊತ್ತಲ್ಲಿ ಮಾತಿಲ್ಲ, ಕೋಣೆಗೆ ಚಿಲಕ. ಕೆಟ್ಟ ಸಹವಾಸವೇ ಇರಬೇಕೆಂದು ಅಪ್ಪ ಒಳಗೊಳಗೇ ಬೇಯುತ್ತಿದ್ದರು. ಅವಳ ಜೇಬಿನಲ್ಲಿ ಏನೋ ಸಿಕ್ಕಿದೆ ಎಂದಾಗ ಡಬ್ಬಿಗೇ ಕೈ ಚಾಚಿದರು. ಅಕ್ಕ ಕೊಡಲಿಲ್ಲ.

"ಮಗಳು ನನ್ನವಳಲ್ವಾ?"

"ಮಗಳು ನಿಮ್ಮವಳೇ ಸ್ವಾಮಿ. ಜೇಬು ಅವಳದು."

ಮುನಿಸಿಕೊಂಡು ಹೋದವರು ಸಂಜೆ ಮಗಳೊಡನೆ ಬಂದು ಬಾಗಿಲ ಹೊರಗೇ ನಿಂತರು. ಹುಡುಗಿ ಒಳಗೆ ಬಂದು ಡಬ್ಬಿ ತೆರೆದು ನೋಡಿ ಮುಚ್ಚಿದಳು. "ಅಪ್ಪನಿಗೆ ನೀವೇ ಹೇಳಿಬಿಡಿ ಅಕ್ಕಾ," ಎಂದು ಪಿಸುಗುಟ್ಟಿದಳು. ಅಕ್ಕ ಬೆಡ್‌ಶೀಟೊಂದನ್ನು ಕೊಡವಿ ಒಂದು ತುದಿ ಅವಳಿಗೆ ಕೊಟ್ಟರು. ಬಾಗಿಲ ಕಡೆ ನೋಡಿ, "ಆ ತುದಿ ನೀವು ಹಿಡೀರಿ," ಎಂದರು.

ಮೊದಲನೆಯದನ್ನು ಹೇಗೋ ಮಡಚಿ ಮುಗಿಸಿದರು. ಎರಡನೆಯದರಲ್ಲಿ ಅಪ್ಪ ತುದಿಯನ್ನು ತಿರುಚಿ ಹಿಡಿದು ಇಡೀ ಬಟ್ಟೆಯನ್ನು ಹಗ್ಗ ಮಾಡಿಬಿಟ್ಟರು. ಮಗಳಿಗೆ ನಗು ತಡೆಯಲಿಲ್ಲ. ಅಪ್ಪನೂ ನಕ್ಕರು. ಅಂಚಿಗೆ ಅಂಚು ಕೂಡಿಸಲು ಹತ್ತಿರ ಬಂದಾಗ ಅವಳೇ ಹೇಳಿದಳು: ಕರಿಹಲಗೆ ನೋಡಲು ಶಾಲೆಯಲ್ಲಿ ಮಾತ್ರ ಹಾಕುವ ಕನ್ನಡಕ ಒಡೆದಿದೆ, ಡಬ್ಬಿಯಲ್ಲಿರುವುದು ಅದರ ಗಾಜಿನ ಚೂರು. ಈಚೆಗೆ ಪಕ್ಕದವಳ ಪುಸ್ತಕ ನೋಡಿಯೇ ಬರೆದುಕೊಳ್ಳುತ್ತಿದ್ದಾಳೆ.

"ನನಗ್ಯಾಕೆ ಹೇಳ್ಲಿಲ್ಲ?"

"ಹೋದ್ಸಲ ಒಡೆದಾಗ, ಇನ್ನೊಂದ್ಸಲ ಒಡೆದ್ರೆ ಕೊಡ್ಸೋದೇ ಇಲ್ಲ ಅಂದಿದ್ರಲ್ಲ."

"ನಾನು ಹಾಗಂದಿದ್ನಾ?"

ಆಡಿದವರು ಅಂದೇ ಮರೆತಿದ್ದರು. ಕೇಳಿಸಿಕೊಂಡವಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅಪ್ಪ ಮಡಚಿದ ಬಟ್ಟೆಯನ್ನು ಎದೆಗೆ ಒತ್ತಿಕೊಂಡರು. ನಾಳೆಯೇ ಕನ್ನಡಕದ ಅಂಗಡಿಗೆ ಹೋಗೋಣ ಎಂದರು. ಕನ್ನಡಕ ಬಂದಿದೆ, ಚಿಲಕ ಹಗಲಲ್ಲಿ ತೆರೆದಿರುತ್ತದಂತೆ. ಅಪ್ಪ, ಮಗಳು ಇಬ್ಬರೂ ಒಪ್ಪಿದ ಮೇಲೆಯೇ ಅಕ್ಕ ಇದನ್ನು ಬರೆಯಲು ಬಿಟ್ಟದ್ದು.

ನಿಮಗೇನು ಬೇಕು ಎಂದರೆ ಅಕ್ಕ ಕಿಟಕಿ ತೋರಿಸುತ್ತಾರೆ. ಅದು ಇನ್ನೊಂದು ಮೊಳ ಅಗಲವಾದರೆ ಹಬೆ ಹೊರಗೆ ಹೋಗುತ್ತದೆ, ಅಷ್ಟು ಸಾಕು. ಅಷ್ಟರಲ್ಲಿ ಔಷಧಿ ಅಂಗಡಿಯವರು ಈ ವಾರದ ಬಟ್ಟೆ ಚೀಲ ತಂದು ಮೇಜಿನ ಮೇಲಿಡುತ್ತಾರೆ. ಹೋದವರು ಮತ್ತೆ ತಿರುಗಿ ಬಂದು ದನಿ ತಗ್ಗಿಸುತ್ತಾರೆ.

"ಅಕ್ಕಾ, ನಿಮ್ಮ ಉಪಕಾರ ಮರೆಯಲ್ಲ. ಇನ್ಮೇಲೆ ಅವಳ ಜೇಬಲ್ಲಿ ಏನಾದ್ರೂ ಸಿಕ್ರೆ ಮೊದ್ಲು ನನಗೊಂದು ಫೋನ್ ಮಾಡಿಬಿಡಿ. ಅವಳಿಗೆ ಗೊತ್ತಾಗೋದು ಬೇಡ."

ಅಕ್ಕ ಆಗಲೇ ಚೀಲ ಬಿಚ್ಚಿ, ಮೊದಲ ಜೇಬು ತಿರುವುತ್ತಿದ್ದಾರೆ.

"ಮಾಡಲ್ಲ," ಎನ್ನುತ್ತಾರೆ.