ಕಂಪನಿಗೆ ಹೋದ ಎರಡು ಕಾಗದ

ಸುರಪುರದ ತಾಲ್ಲೂಕು ಕಚೇರಿಯ ಎದುರು ಒಂದು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಜನರ ಅರ್ಜಿ ಬರೆಯುತ್ತಿದ್ದೇನೆ. ನಮ್ಮ ಕಸುಬಿಗೆ ಒಂದು ರೂಢಿ ಇದೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಯಾರೂ ಓದುವುದಿಲ್ಲ. ಹಳ್ಳಿಯ ರಸ್ತೆಯಲ್ಲಿ ಎಮ್ಮೆಯೊಂದು ಕಾಲು ಮುರಿದುಕೊಂಡರೆ 'ದಿನನಿತ್ಯ ಸಾವು ನೋವು ಸಂಭವಿಸುತ್ತಿದ್ದು' ಎಂದೇ ಶುರು ಮಾಡಬೇಕು. ಯಾರದಾದರೂ ತಲೆಯ ಮೇಲೆ ತಪ್ಪು ಹೊರಿಸಬೇಕು. ಕಡೆಗೆ ಉಗ್ರ ಹೋರಾಟದ ಎಚ್ಚರಿಕೆ ಕೊಡಬೇಕು. ಬರೆಸುವವರಿಗೂ ಅದೇ ಬೇಕು, 'ಇನ್ನಾ ಸ್ವಲ್ಪ ಖಾರ ಹಾಕ್ರಿ ಸರ' ಅನ್ನುತ್ತಾರೆ. ಟಿವಿಯಲ್ಲಿ ಯಾವುದೋ ದೇಶ ಇನ್ನಾವುದರ ಬಗ್ಗೆಯೋ 'ಕಳವಳ ವ್ಯಕ್ತಪಡಿಸಿದೆ' ಎಂದು ಸುದ್ದಿ ಬಂದರೆ ನನಗೆ ನಗು. ವ್ಯಕ್ತಪಡಿಸಿ ಏನು ಕಿಸಿಯುತ್ತಾರೆ ಅಂತ.

ತಂಗಿಯ ಗಂಡ ಕೊಲ್ಲಿ ದೇಶದ ಒಂದು ಸಣ್ಣ ಕಟ್ಟಡ ಕಂಪನಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಾರೆ. ಅಲ್ಲಿ ಶುಕ್ರವಾರ ರಜೆ. ಪ್ರತಿ ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಸಗರದಲ್ಲಿರುವ ತಂಗಿಗೆ ಫೋನ್ ಮಾಡುವುದು ಅವರ ವಾಡಿಕೆ. ಕಳೆದ ವರ್ಷ ಒಂದು ಶುಕ್ರವಾರ ಫೋನ್ ಬರಲಿಲ್ಲ. ಇನ್ನೊಂದು ಶುಕ್ರವಾರವೂ ಬರಲಿಲ್ಲ. ಈ ಕಡೆಯಿಂದ ಮಾಡಿದರೆ ಸ್ವಿಚ್ ಆಫ್. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ತಂಗಿ ನನ್ನ ಅಂಗಡಿಗೆ ಬಂದು ನಿಂತಳು. ಕಣ್ಣು ಬಾತಿದ್ದವು.

"ತಿಂಥಣಿ ಮೌನೇಶಗ ಬೇಡಿಕೊಂಡೀನಿ ಅಣ್ಣಾ. ನೀನೂ ಏನರ ಮಾಡು" ಅಂದಳು.

ನನಗೆ ಗೊತ್ತಿದ್ದದ್ದು ಒಂದೇ. ಕುರ್ಚಿ ಎಳೆದುಕೊಂಡು ಕೂತು ಇಂಗ್ಲಿಷಿನಲ್ಲಿ ಅರ್ಜಿ ಹೊಡೆದೆ. ಕಂಪನಿಯವರು ನಮ್ಮ ಮನೆಯ ಅಳಿಯನನ್ನು ಕೂಡಿಹಾಕಿದ್ದಾರೆ, ಫೋನು ಕಸಿದುಕೊಂಡಿದ್ದಾರೆ, ಹಿಂಸೆ ಕೊಡುತ್ತಿದ್ದಾರೆ, ಮಾಲೀಕನ ಮೇಲೆ ಕ್ರಮ ಕೈಗೊಳ್ಳದಿದ್ದರೆ ಮುಂದಿನ ಅನಾಹುತಕ್ಕೆ ನೀವೇ ಹೊಣೆ.

ಅರ್ಥ ಹೇಳಿದಾಗ ತಂಗಿ ಗಾಬರಿಯಾದಳು. "ಖರೇನ ಹಂಗ ಮಾಡ್ಯಾರೇನಣ್ಣಾ?"

"ಹಂಗ ಬರದ್ರನ ನೋಡ್ತಾರ, ನೀ ಸುಮ್ನಿರು" ಅಂದೆ. ಅಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಗೆ ಇಮೇಲ್ ಮಾಡಿದೆ. ಜೋರು ಇರಲಿ ಎಂದು ಕಂಪನಿಗೂ ಒಂದು ಪ್ರತಿ ಹಾಕಿದೆ.

ಆಮೇಲೆ ಹೊಳೆಯಿತು, ಆ ಕಂಪನಿಯವರಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ. ಅರಬ್ಬಿಯಲ್ಲೂ ಒಂದು ಕಳಿಸೋಣ ಎಂದು ತಂಗಿಯನ್ನು ಕರೆದುಕೊಂಡು ಶಹಾಪುರದ ಬಸ್ ಹತ್ತಿದೆ. ಅಲ್ಲಿ ನನಗೆ ಪರಿಚಯದ ಒಬ್ಬ ಚಾಚಾ ಇದ್ದಾರೆ. ಪ್ರಾಯದಲ್ಲಿ ಗಲ್ಫಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ, ದೇಶದೇಶದ ನಡುವೆ ಓಡಾಡುವ ಕಾಗದಗಳನ್ನು ಎರಡೂ ಭಾಷೆಯಲ್ಲಿ ಟೈಪು ಮಾಡಿದವರು. ನನ್ನ ಅರ್ಜಿಯನ್ನು ಓದಿ ಅವರು ಕನ್ನಡಕ ತೆಗೆದಿಟ್ಟರು.

"ಇದು ಹೋಗ್ಯಾದೇನು?"

"ಹೋಗ್ಯಾದ್ರಿ ಚಾಚಾ. ಕಂಪನಿಗೂ ಹೋಗ್ಯಾದ."

"ಯಾ ಅಲ್ಲಾ. ಕೂಡಿಹಾಕ್ಯಾರ ಅಂತ ನೀವು ಕಣ್ಣಾರೆ ನೋಡೀರೇನು? ಮಾಲಕನ ಮ್ಯಾಲ ಸುಳ್ಳ ಹೊರಿಸಿದ್ರ ಅಲ್ಲಿ ಸುಮ್ನ ಬಿಡಂಗಿಲ್ರಿ. ಅವರ ಕೈಗೆ ನೀವು ಸಿಗಂಗಿಲ್ಲ. ಸಿಗಾಂವ ನಿಮ್ಮ ಅಳಿಯಾ."

ತಂಗಿಯ ಮುಖ ನೋಡಲು ಧೈರ್ಯ ಬರಲಿಲ್ಲ.

ಚಾಚಾ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. "ಬೇಟಿ, ನಿನಗೇನು ಬೇಕು ಅಷ್ಟ ಹೇಳು."

"ಅವರ ದನಿ ಒಂದ ಸಲ ಕೇಳಿದ್ರ ಸಾಕ್ರಿ" ಅಂದಳು.

ಚಾಚಾ ಬಾಯಲ್ಲಿ ಅರ್ಥ ಹೇಳುತ್ತಾ ಅರಬ್ಬಿಯಲ್ಲಿ ಬರೆಯತೊಡಗಿದರು. ಮೊದಲು ಸಲಾಮು, ಮಾಲೀಕನ ಆರೋಗ್ಯಕ್ಕೆ ದುವಾ, ಅವನ ಮನೆಮಂದಿಯ ಕ್ಷೇಮಕ್ಕೆ ದುವಾ. ಅರ್ಧ ಪುಟವಾದರೂ ವಿಷಯಕ್ಕೆ ಬರಲಿಲ್ಲ. ನನಗೆ ತಡೆಯಲಿಲ್ಲ. "ಚಾಚಾ, ಅವರೇನು ನಮ್ಮ ಬೀಗರೇನ್ರಿ?" ಅಂದೆ. ಅವರು ತಲೆ ಎತ್ತದೆ, "ಬಾಗಿಲಾ ಬಡಿಯೂದು ಬ್ಯಾರೆ, ಒದಿಯೂದು ಬ್ಯಾರೆ" ಅಂದರು. ಆಮೇಲೆ ಒಂದೇ ಮಾತು: ತಮ್ಮಲ್ಲಿ ದುಡಿಯುವ ನಮ್ಮವರ ಕ್ಷೇಮದ ಬಗ್ಗೆ ಪೂರ್ಣ ಗೌರವದಿಂದ ನಮ್ಮ ಕಳವಳವನ್ನು ವ್ಯಕ್ತಪಡಿಸುತ್ತೇವೆ. ಅವರ ಹೆಂಡತಿ ಅವರ ದನಿ ಕೇಳಲು ಬಯಸುತ್ತಾಳೆ. ತಾವು ತಿಳಿಸಿದರೆ ಋಣಿಯಾಗಿರುತ್ತೇವೆ. ಅದನ್ನೇ ಇಂಗ್ಲಿಷಿಗೂ ಇಳಿಸಿದರು. ನಾನು ನಗುತ್ತಿದ್ದ ಮಾತು ಈಗ ನನ್ನ ಮನೆಯ ಕಾಗದದಲ್ಲೇ ಕೂತಿತ್ತು.

"ಮೊದಲನೇ ಕಾಗದ ನಮ್ದಲ್ಲ ಅಂತ ಒಂದು ಸಾಲು ಹಾಕ್ರಿ" ಎಂದು ಮೆಲ್ಲಗೆ ಕೇಳಿದೆ.

"ಒಂದು ಸುಳ್ಳ ಸಾಲಲಿಲ್ಲೇನು?" ಅಂದರು. ಹಾಕಲಿಲ್ಲ. ಆ ಕಾಗದವನ್ನು ಅವತ್ತೇ ಕಂಪನಿಗೆ ಇಮೇಲ್ ಮಾಡಿದೆ.

ಮುಂದಿನ ನಾಲ್ಕು ದಿನ ಹೇಗೆ ಕಳೆದೆನೋ. ತಂಗಿ ನಮ್ಮ ಮನೆಯಲ್ಲೇ ಉಳಿದಿದ್ದಳು. ಒಂದು ಮಾತೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಅಂಗಡಿಯಲ್ಲಿ ಯಾರೋ ಖಾರ ಹಾಕಿ ಅಂದರೆ ರೇಗಿ ಕಳಿಸಿದೆ. ಇಪ್ಪತ್ತು ವರ್ಷ, ಯಾರಾದರೂ ಓದಲಿ ಎಂದು ಬರೆದವನು ನಾನು. ಈಗ ಆ ಮೊದಲ ಅರ್ಜಿಯನ್ನು ಯಾರೂ ಓದದಿರಲಪ್ಪಾ ಎಂದು ಕಂಡಕಂಡ ದೇವರಿಗೆ ಕೈ ಮುಗಿಯುತ್ತಿದ್ದೆ.

ಬುಧವಾರ ಮಧ್ಯಾಹ್ನ ತಂಗಿ ನನಗೆ ಬುತ್ತಿ ತಂದಿದ್ದಾಗ ಉದ್ದನೆಯ ನಂಬರಿನಿಂದ ಫೋನ್ ಬಂತು. ಸ್ಪೀಕರ್ ಹಾಕಿದೆ. ಅಳಿಯನ ದನಿ! ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಕೆಳಗೆ ಕೂತುಬಿಟ್ಟಳು. ಮರುಭೂಮಿಯ ಒಳಗೆ ಎಲ್ಲೋ ಕೆಲಸಕ್ಕೆ ಕಳಿಸಿದ್ದರಂತೆ, ಅಲ್ಲಿ ಸಿಗ್ನಲ್ ಇಲ್ಲ, ಫೋನು ನೀರಿನ ಟ್ಯಾಂಕಿಗೆ ಬಿದ್ದು ಹಾಳಾಗಿತ್ತಂತೆ. ಮನೆಗೆ ತಿಳಿಸು ಎಂದು ಹೇಳಿ ಕಳಿಸಿದ್ದ ಜತೆಗಾರ ಮರೆತಿದ್ದ.

ಆಮೇಲೆ ದನಿ ಸಣ್ಣಗಾಯಿತು. "ಭಾವಾ, ಮಾಲಕರು ಕರಿಸ್ಯಾರ, ಅವರ ಆಫೀಸಿನಾಗ ನಿಂತೀನ್ರಿ. ಇಲ್ಲಿ ಟೇಬಲ್ ಮ್ಯಾಲ ಎರಡು ಕಾಗದ ಅವ. ಒಂದರಾಗ ನನ್ನ ಕೂಡಿಹಾಕ್ಯಾರ ಅಂತ ಅದ, ಇನ್ನೊಂದರಾಗ ಇವರಿಗೆ ದುವಾ ಮಾಡ್ಯಾರ. ಇವೆರಡರಾಗ ಖರೇ ಯಾವುದು ಅಂತ ಕೇಳಾಕತ್ತಾರ್ರಿ. ನಾನ ಹಂಗ ಹೇಳಿ ಬರೆಸೀನಿ ಅಂತ ಅವರಿಗೆ ಸಂಶಯ."

ಮೊದಲನೆಯದು ಯಾರೋ ಆಗದವರು ಕಳಿಸಿದ್ದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಂಥದ್ದನ್ನು ನಿದ್ದೆಯಲ್ಲೂ ಬರೆಯಬಲ್ಲೆ. ತಂಗಿ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು.

"ಎರಡೂ ನಮ್ಮ ಮನ್ಯಾಗಿನವ. ಮೊದಲನೇದು ನಾ ಬರ್ದದ್ದು, ಸುಳ್ಳ ಅದ. ಅದು ನಿಮಗ ಗೊತ್ತ ಇರಲಿಲ್ಲ ಅಂತ ಹೇಳ್ರಿ. ಎರಡನೇದು ನನ್ನ ತಂಗೀದು, ಅದು ಖರೇ" ಅಂದೆ.

ಅಳಿಯ ಅದನ್ನು ಅರಬ್ಬಿಯಲ್ಲಿ ಹೇಳಿದ್ದು ಕೇಳಿಸಿತು. ಆಮೇಲೆ ಒಂದು ದಪ್ಪ ದನಿ ನಿಧಾನಕ್ಕೆ ಏನೋ ಹೇಳಿತು.

"ಏನಂದ್ರು?" ಅಂದೆ.

"ಆಕಿಗೆ ಸಲಾಮ ಹೇಳು ಅಂದ್ರು. ಇನ್ನ ಮ್ಯಾಲ ಶುಕ್ರವಾರ ಫೋನ್ ಹತ್ತದಿದ್ರ ನಮ್ಮ ಆಫೀಸಿಂದನ ಮಾಡಸ್ತೀನಿ, ಗಾಬರಿ ಆಗಬ್ಯಾಡ ಅಂತ ಹೇಳು ಅಂದ್ರು."

"ನನಗ?"

"ನಿಮಗೇನೂ ಹೇಳಲಿಲ್ರಿ ಭಾವಾ."

ತಂಗಿ ಎದ್ದು ನನ್ನ ಕೈಯಿಂದ ಫೋನು ತಗೊಂಡಳು. "ಊಟ ಆತೇನ್ರಿ?" ಅಂದಳು.