ಗೋಡೆ ಓಗೊಡದ ಮಧ್ಯಾಹ್ನ

ದೆವ್ವ ಭೂತದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಮಾಷೆ. ನಮ್ಮ ಕಡೆ ಇಂಥ ಕತೆಗಳಿಗೆ ಬರವಿಲ್ಲ. ತೋಟಕ್ಕೊಂದು ಚೌಡಿ, ರಸ್ತೆಯ ತಿರುವಿಗೊಂದು ಬಿಳಿ ಸೀರೆ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದವರು ಇಂಥದ್ದೇನಾದರೂ ಶುರು ಮಾಡಿದರೆ, "ಅದು ಟಿಕೆಟ್ ತಗೊಂಡಿತ್ತಾ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಹಾಗೆ ಮಾಡುತ್ತಿದ್ದವಳೇ ಈಗ ನಿಮ್ಮ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲು ಸೋಮೇಗೌಡರ ವಿಷಯ ಹೇಳಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಬೆಳೆದವರಿಗೆ ಅವರ ಮುಖ ಗೊತ್ತಿರಲಿಕ್ಕಿಲ್ಲ, ಅವರು ಮಾಡಿಸಿದ ಹಾಡುಗಳು ಮಾತ್ರ ಖಂಡಿತ ಗೊತ್ತಿರುತ್ತವೆ. ಹೋಟೆಲು, ಬಸ್ಸು, ಮದುವೆ ಮನೆ, ಎಲ್ಲಿ ನೋಡಿದರೂ ಅವೇ. ಕವರಿನ ಮೇಲೆ ಹಾಡಿದವರ ಫೋಟೋ ದೊಡ್ಡದಾಗಿ ಇರುತ್ತಿತ್ತು, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನಿರ್ಮಾಣ ಎಂದು ಗೌಡರ ಹೆಸರು. ಆ ಸಣ್ಣ ಅಕ್ಷರಕ್ಕೆ ಎಷ್ಟು ಬೆಲೆ ಇತ್ತೆಂದರೆ, ಬೆಂಗಳೂರಿನ ದೊಡ್ಡ ದೊಡ್ಡ ಗಾಯಕರು ಅಲ್ಲಿನ ಸ್ಟುಡಿಯೋ ಬಿಟ್ಟು ಮೂಡಿಗೆರೆಯ ತೋಟಕ್ಕೆ ಹುಡುಕಿಕೊಂಡು ಬರುತ್ತಿದ್ದರು.

ಬಂದವರು ಸ್ಟುಡಿಯೋ ನೋಡಿ ಕಂಗಾಲಾಗುತ್ತಿದ್ದರು. ಅದು ಕಾಫಿ ಗೋಡೌನು. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಒಣಗಿಸಿದ ಬೀಜಕ್ಕೆ ನಮ್ಮ ಕಡೆ ಪಾರ್ಚ್‌ಮೆಂಟ್ ಎನ್ನುತ್ತೇವೆ. ಪಾರ್ಚ್‌ಮೆಂಟ್ ತುಂಬಿದ ಗೋಣಿಚೀಲಗಳನ್ನು ಸುತ್ತಲೂ ಮಾಡಿನ ತನಕ ಒಟ್ಟಿಸಿ, ನಡುವೆ ಸಣ್ಣ ಕೋಣೆಯಷ್ಟು ಜಾಗ ಬಿಟ್ಟು, ಗೌಡರು ಅಲ್ಲಿ ಮೈಕು ನಿಲ್ಲಿಸುತ್ತಿದ್ದರು. ಚೀಲಗಳು ಸದ್ದನ್ನೆಲ್ಲ ಕುಡಿದುಬಿಡುತ್ತಿದ್ದವು. ಚಪ್ಪಾಳೆ ತಟ್ಟಿದರೆ ಕಂಬಳಿಯೊಳಗೆ ತಟ್ಟಿದ ಹಾಗೆ. ಹಾಡಿದ್ದು ಬಾಯಿ ಬಿಟ್ಟ ಮೇಲೆ ತಿರುಗಿ ಬರುವ ಮಾತೇ ಇಲ್ಲ. ಹೊಸಬರು ತಮ್ಮ ದನಿಗೆ ಏನೋ ಆಯಿತೆಂದು ಹೆದರಿ ನೀರು ಕೇಳುತ್ತಿದ್ದರು.

ನಾನೂ ಹೆದರಿದ್ದೆ. ಆಗ ಗೌಡರು ಹೇಳಿದ ಮಾತು ಇದು: "ಗೋಡೆ ಹೊಗಳ್ತದೆ ಮಾರಾಯ್ತಿ, ಅದರ ಮಾತು ನಂಬ್ಬೇಡ. ಬಚ್ಚಲಮನೇಲಿ ಎಲ್ರೂ ಹಾಡುಗಾರ್ರೇ. ಇಲ್ಲಿ ಹಾಡು, ಇರೋದೆಷ್ಟು ಅಂತ ಗೊತ್ತಾಗ್ತದೆ."

ಆದರೆ ಆ ಚೀಲಗಳೇ ಅವರನ್ನು ಮುಳುಗಿಸಿದವು. ರೆಕಾರ್ಡಿಂಗ್ ನಡೆಯಬೇಕಾದರೆ ಗೋಡೌನು ತುಂಬಿರಬೇಕು, ಕ್ಯಾಸೆಟ್ಟು ಮುಗಿಯುವ ತನಕ ಒಂದು ಚೀಲವೂ ಅಲ್ಲಾಡಬಾರದು. ಉಳಿದ ಪ್ಲಾಂಟರುಗಳೆಲ್ಲ ಒಳ್ಳೆಯ ರೇಟು ನೋಡಿ ಮಾರುತ್ತಿದ್ದರೆ, ಇವರ ಅಂಗಳಕ್ಕೆ ಬಂದ ವ್ಯಾಪಾರಿಯ ಲಾರಿ ಖಾಲಿ ಹಿಂತಿರುಗುತ್ತಿತ್ತು. ಒಂದು ವರ್ಷವಂತೂ ಹಾಡು ಅವರ ಮನಸ್ಸಿಗೆ ಬರಲೇ ಇಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಎನ್ನುವಷ್ಟರಲ್ಲಿ ಮಳೆ ಹಿಡಿಯಿತು, ಬೀಜ ಮುಗ್ಗಿತು, ಬೆಲೆಯೂ ನೆಲಕ್ಕೆ ಬಿತ್ತು. ಹಾಡಿಗೋಸ್ಕರ ಕಾಫಿ ಕೊಳೆಸಿದ ಗೌಡ ಎಂದು ತಾಲೂಕೆಲ್ಲ ನಕ್ಕಿತು. ಆ ಕ್ಯಾಸೆಟ್ಟು ಮನೆಮನೆಯಲ್ಲಿ ಕೇಳಿತು, ಅದು ಬೇರೆ ಮಾತು.

ಮನುಷ್ಯ ಸುಲಭದವರಲ್ಲ. ಮೂಗಿನ ತುದಿಯಲ್ಲೇ ಕೋಪ. ತಾಳ ತಪ್ಪಿದರೆ ಹೆಡ್‌ಫೋನ್ ಕಿತ್ತೆಸೆಯುತ್ತಿದ್ದರು. ಹೆಸರು ಬಂದಂತೆಲ್ಲ ಕುಡಿತವೂ ಬಂತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದವರು ಮತ್ತೆ ಬರಲಿಲ್ಲ. ನಂತರ ಒಂದು ಕಿವಿ ಹೋಯಿತು. ಅದನ್ನು ಯಾರಿಗೂ ಹೇಳದೆ, ಇನ್ನೊಂದು ಕಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕೂರುತ್ತಿದ್ದರು. ಗೊತ್ತಾದ ಮೇಲೆ ದೊಡ್ಡ ಗಾಯಕರು ಬರುವುದು ನಿಂತಿತು. ಅಷ್ಟರಲ್ಲಿ ಕ್ಯಾಸೆಟ್ಟೇ ಸತ್ತಿತು. ತೋಟ ತುಂಡು ತುಂಡಾಗಿ ಕೈಬಿಟ್ಟು, ಕೊನೆಗೆ ಕಳಸದ ಪೇಟೆಯಲ್ಲಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿದ್ದು ತೀರಿಕೊಂಡರು. ದಹನಕ್ಕೆ ಬಂದವರು ಬೆರಳೆಣಿಕೆಯ ಜನ. ಅದರಲ್ಲಿ ಹೆಚ್ಚಿನವರು ಚೀಲ ಒಟ್ಟುತ್ತಿದ್ದ ಲೋಡಿಂಗಿನವರು.

ಅವರನ್ನು ಬೈಯುವವರು ಈಗಲೂ ಇದ್ದಾರೆ. ಬೈಯಲು ಕಾರಣಗಳೂ ಇವೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ನಾನು ಉಣ್ಣುವ ಅನ್ನದಲ್ಲಿ ಅವರ ಋಣ ಇದೆ. ನನ್ನ ಅಪ್ಪ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಸಂಜೆ ಹಣ್ಣು ತೂಗುವಾಗ ಕುಯ್ಲಿನವರ ಹೆಸರು ಕೂಗಿ ತೂಕ ಬರೆದುಕೊಳ್ಳುವುದು ಅವರ ಕೆಲಸ. ಒಂದು ವಾರ ಅಪ್ಪನ ಗಂಟಲು ಕಟ್ಟಿಕೊಂಡಿತ್ತು, ಕೂಗುವ ಕೆಲಸ ನನಗೆ ಬಿತ್ತು. ಗಿರಿಜಾ, ಲಲಿತಾ, ಸುಂದರೀ ಎಂದು ಕಣದ ಆಚೆ ತುದಿಗೆ ಮುಟ್ಟುವಂತೆ ಎಳೆದು ಕೂಗುತ್ತಿದ್ದೆ. ಸಸಿ ನೋಡಲು ಬಂದಿದ್ದ ಗೌಡರು ಜೀಪಿನಿಂದ ಇಳಿದು, "ಈ ಹೆಸ್ರು ಕೂಗಿದ್ದು ಯಾರು?" ಎಂದರು. ತೂಕದಲ್ಲಿ ಏನೋ ತಪ್ಪಾಯಿತೆಂದು ಅಪ್ಪ ಹೆದರಿ, ಇಲ್ಲದ ದನಿಯಲ್ಲಿ ಕ್ಷಮೆ ಕೇಳತೊಡಗಿದರು.

ಗೋಡೌನಿಗೆ ಹೋದ ಮೇಲೆ ನಾನು ರೇಡಿಯೋದಲ್ಲಿ ಕೇಳಿದ ಗಾಯಕಿಯರ ಹಾಗೆ ದನಿ ಬಳುಕಿಸಿ ಹಾಡಿದೆ. ಗೌಡರಿಗೆ ಸಿಟ್ಟು ಬಂತು. "ಅವ್ರು ಆಗ್ಲೇ ಇದಾರಲ್ಲ, ಇನ್ನೊಬ್ರು ಎಂತಕ್ಕೆ? ನೀನು ಹಾಜ್ರಿ ಕೂಗ್ದಂಗೆ ಹಾಡು" ಎಂದರು. ಹಾಜರಿ ಕೂಗಿದ ಹಾಗೆಯೇ ಹಾಡಿದೆ. ಆ ಒಂದು ಕ್ಯಾಸೆಟ್ಟು ನನಗೆ ಸಂಗೀತದ ಟೀಚರ್ ಕೆಲಸ ಕೊಡಿಸಿತು, ತಂಗಿಯರನ್ನು ಓದಿಸಿತು. ಯಾರ ಮುಂದೆಯೂ ಕೈಚಾಚದೆ ಬದುಕಿದ್ದೇನೆಂದರೆ ಅದು ಅವರಿಂದ.

ಇನ್ನು ನನ್ನ ಕತೆ. ಗೌಡರು ಹೋಗಿ ಕೆಲವು ವರ್ಷಗಳಾದ ಮೇಲೆ ನನಗೆ ಕುತ್ತಿಗೆಯ ಗ್ರಂಥಿಯ ಆಪರೇಷನ್ ಆಯಿತು. ದನಿ ವಾಪಸು ಬಂತು, ನನ್ನದಾಗಿ ಬರಲಿಲ್ಲ. ತಗ್ಗಿದ, ಅಂಚು ಸವೆದ ಯಾವುದೋ ದನಿ. ಡಾಕ್ಟರು ಎಲ್ಲ ಸರಿ ಇದೆ, ಹಾಡಿ ಎಂದರು. ಬಾಯಿ ತೆರೆದರೆ ಗೋಡೆಯಿಂದ ತಿರುಗಿ ಬಂದ ಆ ದನಿ ಕೇಳಿ ನಾನೇ ಬೆಚ್ಚಿ ನಿಲ್ಲಿಸಿಬಿಡುತ್ತಿದ್ದೆ. ಮಕ್ಕಳಿಗೆ ಹಾರ್ಮೋನಿಯಂ ಮೇಲೆ ಬೆರಳಿಟ್ಟು ಸ್ವರ ತೋರಿಸುತ್ತಿದ್ದೆ, ಅಷ್ಟೇ. ಹಾಡು ಹೇಳಿಕೊಡದ ಟೀಚರ್ ಎಷ್ಟು ದಿನ ನಡೆಯುತ್ತದೆ? ಆ ವರ್ಷ ಪಾಠವನ್ನೂ ಬಿಡುವುದೆಂದು ನಿಶ್ಚಯಿಸಿದ್ದೆ.

ಆಗ ಪ್ರೀತಮ್ ಫೋನು ಮಾಡಿದ. ಗೌಡರ ಮನೆ ಮತ್ತು ಗೋಡೌನು ಕೊಂಡು ಹೋಂಸ್ಟೇ ಮಾಡಿದ ಹುಡುಗ ಅವನು. ಗೋಡೌನನ್ನು ಹಾಲ್ ಮಾಡಿ, ಅದಕ್ಕೆ ಗೌಡರ ಹೆಸರಿಡುತ್ತಿದ್ದಾನಂತೆ, ಉದ್ಘಾಟನೆಗೆ ನಾನು ಹಾಡಬೇಕಂತೆ. ಫೋನಿನಲ್ಲಿ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಎದುರಿಗೇ ಹೇಳಿ ಬರೋಣವೆಂದು ಬಸ್ಸು ಹತ್ತಿದೆ.

ನಾನು ಹೋದಾಗ ಮಧ್ಯಾಹ್ನ. ಹೊರಗೆ ಮಂಜು ಮುಸುಕಿತ್ತು. "ಕೂತಿರಿ ಟೀಚರ್, ಗೆಸ್ಟುಗಳು ದೇವರಮನೆ ಗುಡ್ಡ ನೋಡ್ಬೇಕಂತೆ, ಜೀಪು ಹತ್ತಿಸಿ ಬಂದೆ" ಎಂದು ಪ್ರೀತಮ್ ನನ್ನನ್ನು ಹಾಲಿನಲ್ಲಿ ಕೂರಿಸಿ ಹೋದ. ಅವನ ಹೆಂಡತಿ ಸ್ಮಿತಾ ಪಕ್ಕದ ಅಡುಗೆಮನೆಯಲ್ಲಿ ಕಡುಬು ಬೇಯಿಸುತ್ತಿದ್ದಳು. ಎರಡರ ನಡುವೆ ಪಾತ್ರೆ ದಾಟಿಸಲು ಒಂದು ಕಿಂಡಿ, ಅದಕ್ಕೆ ಬಾಗಿಲೂ ಇಲ್ಲ. ಒಂದು ಚೀಲ ಇಲ್ಲ, ಒಂದು ಪರದೆ ಇಲ್ಲ. ನೆಲಕ್ಕೆ ಹೊಳೆಯುವ ಟೈಲ್ಸು, ಒಂದು ಕಡೆ ಪೂರ್ತಿ ಗಾಜು. ನಾನು ಕೆಮ್ಮಿದರೆ ನಾಲ್ಕು ಜನ ಕೆಮ್ಮಿದ ಹಾಗೆ ಕೇಳುತ್ತಿತ್ತು. ಗೌಡರ ಸ್ಟುಡಿಯೋವನ್ನು ಬಚ್ಚಲಮನೆ ಮಾಡಿಟ್ಟಿದ್ದಾರಲ್ಲ ಎಂದು ಒಬ್ಬಳೇ ನಕ್ಕೆ.

ಪ್ರೀತಮ್‌ಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಕೂತಾಗ ಒಂದು ಉಪಾಯ ಹೊಳೆಯಿತು. ಒಂದು ಸಾಲು ಹಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರೆ ಆಯಿತು, ಅವನೇ ಬೇಡ ಟೀಚರ್ ಎನ್ನುತ್ತಾನೆ. ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಹಳೆಯ ಅಭ್ಯಾಸದಂತೆ ಒಂದು ಚಪ್ಪಾಳೆ ತಟ್ಟಿದೆ. ಅದು ಟೈಲ್ಸು, ಗಾಜು, ಮಾಡು ಎಲ್ಲಕ್ಕೂ ಬಡಿದು ಝಣಝಣಿಸಿತು. ಹಾಡಲು ಶುರು ಮಾಡಿದೆ. ಮೊದಲ ಸಾಲಿನ ಮುಕ್ಕಾಲು ಭಾಗ ಎಂದಿನಂತೆಯೇ ನನ್ನ ಒಡಕು ದನಿ ತಿರುಗಿ ಬಂದು ನನ್ನ ಮುಖಕ್ಕೆ ಹೊಡೆಯಿತು. ಆಮೇಲೆ ಬರಲಿಲ್ಲ.

ಇದನ್ನು ಹೇಗೆ ಹೇಳಲಿ? ಯಾವ ಸದ್ದೂ ಆಗಲಿಲ್ಲ, ಆಗುತ್ತಿದ್ದ ಸದ್ದು ನಿಂತಿತು. ಕೋಣೆ ನನ್ನ ಸುತ್ತ ತುಂಬಿಕೊಂಡಿತು. ಕಣ್ಣೆದುರು ಅದೇ ಟೈಲ್ಸು, ಅದೇ ಗಾಜು, ಆಚೆ ಮಂಜು. ಕಿವಿಗೆ ಮಾತ್ರ ಮಾಡಿನ ತನಕ ಪಾರ್ಚ್‌ಮೆಂಟ್ ಒಟ್ಟಿದ ಗೋಡೌನು. ಕಾಫಿಯ ವಾಸನೆ ಬಂತಾ ಎಂದು ಎಲ್ಲರೂ ಕೇಳುತ್ತಾರೆ. ವಾಸನೆ ಗೀಸನೆ ಏನೂ ಬರಲಿಲ್ಲ. ಬಂದದ್ದು ಅಡುಗೆಮನೆಯ ಕಡುಬಿನ ಆವಿ ಅಷ್ಟೇ. ಗೌಡರನ್ನೂ ನಾನು ನೋಡಲಿಲ್ಲ. ಕೈಮೇಲಿನ ಕೂದಲು ನೆಟ್ಟಗಾಗಿದ್ದು ನಿಜ, ಆದರೆ ಭಯ ಆಗಲಿಲ್ಲ. ನಿಲ್ಲಿಸಿದರೆ ಹೋಗಿಬಿಡುತ್ತದೆ ಅನಿಸಿತು. ನಿಲ್ಲಿಸಲಿಲ್ಲ.

ಪೂರ್ತಿ ಹಾಡು ಹಾಡಿದೆ. ತಿರುಗಿ ಬಂದು ಹೆದರಿಸಲು ಗೋಡೆಯೇ ಇರದಿದ್ದಾಗ ನನ್ನ ದನಿಯನ್ನು ಮೊದಲ ಸಲ ಸರಿಯಾಗಿ ಕೇಳಿದೆ. ತಗ್ಗಿದ್ದು ಹೌದು, ಸವೆದಿದ್ದೂ ಹೌದು. ಆದರೆ ಸ್ವರ ಇತ್ತು. ಉಸಿರು ಇತ್ತು. ಇರೋದೆಷ್ಟು ಅಂತ ಗೊತ್ತಾಯಿತು, ಅದು ಸಾಕಷ್ಟು ಇತ್ತು. ಕೊನೆಯ ಸಾಲಿಗೆ ಬರುವಾಗ ಕಣ್ಣೀರು ಧಾರಾಕಾರ. ಮುಗಿಸಿ ಕೈಮುಗಿದು, "ದೊಡ್ಡ ಉಪಕಾರ ಆಯ್ತು ಗೌಡ್ರೇ" ಎಂದೆ. ಆ ಮಾತು ಗಾಜಿಗೆ ಬಡಿದು, ಟೈಲ್ಸಿಗೆ ಬಡಿದು, ಹಾಲಿನ ತುಂಬ ತಿರುಗಾಡಿತು.

ಕಿಂಡಿಯಲ್ಲಿ ಸ್ಮಿತಾಳ ಮುಖ ಕಾಣಿಸಿತು. "ಯಾರ ಹತ್ರ ಮಾತಾಡ್ತಿದೀರಿ ಟೀಚರ್?"

"ಹಾಡಿದ್ದು ಹೇಗಿತ್ತೇ?" ಎಂದೆ.

"ಎಲ್ಲಿ ಹಾಡಿದ್ರಿ? ನೀವು ಚಪ್ಪಾಳೆ ತಟ್ಟಿದ್ದು ಕೇಳ್ತು, ಒಂದು ಸಾಲೂ ಪೂರ್ತಿ ಆಗ್ಲಿಲ್ಲ, ಆಮೇಲೆ ಎಂತದೂ ಇಲ್ಲ. ಮಲಗಿದ್ರೇನೋ ಅಂದ್ಕಂಡೆ" ಎಂದಳು. ಆ ಕಿಂಡಿಯಲ್ಲಿ ಚಮಚ ಬಿದ್ದರೂ ಹಾಲಿನಲ್ಲಿದ್ದವರು ತಿರುಗಿ ನೋಡುತ್ತಾರೆ.

ಮೊಬೈಲಿನಲ್ಲಿ ಹಾಡು ಇತ್ತು. ಚಿಕ್ಕಮಗಳೂರಿನಲ್ಲಿ ಸೌಂಡ್ ಕೆಲಸ ಮಾಡುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಏನೂ ಹೇಳದೆ ಹಾಡಿನ ನಡುವಿನ ಭಾಗ ಮಾತ್ರ ಕಳಿಸಿದೆ. "ಯಾವ ಸ್ಟುಡಿಯೋ ಟೀಚರ್ ಇದು, ಎಷ್ಟು ಚೆನ್ನಾಗಿ ಕಟ್ಟಿದಾರೆ!" ಎಂದು ಉತ್ತರ ಬಂತು. ವಿಷಯ ತಿಳಿಸಿದ ಮೇಲೆ ಅವನೂ ಸುಮ್ಮನಾಗಲಿಲ್ಲ. ಈಗಿನ ಫೋನುಗಳು ಪ್ರತಿಧ್ವನಿಯನ್ನು ತಾವೇ ಅಳಿಸುತ್ತವೆ ಎಂದ. ಇರಬಹುದು. ಹಾಗಾದರೆ ಅದೇ ರೆಕಾರ್ಡಿನಲ್ಲಿ ಮೊದಲು ತಟ್ಟಿದ ಚಪ್ಪಾಳೆ, ಮೊದಲ ಸಾಲಿನ ಶುರು, ಕೊನೆಗೆ ಆಡಿದ ಮಾತು ಏಕೆ ಗುಂಯ್‌ಗುಡುತ್ತವೆ ಎಂದೆ. ಮಂಜಿನ ದೆಸೆಯಿಂದ ಹಾಗಾಗುತ್ತದೆ ಎಂದರು ಇನ್ನೊಬ್ಬರು. ಆಪರೇಷನ್ ಆದವರ ಕಿವಿ ಹೀಗೆಲ್ಲ ಆಟವಾಡುತ್ತದೆ ಎಂದರು ಡಾಕ್ಟರು. ನನ್ನ ಕಿವಿ ಸರಿ, ಸ್ಮಿತಾಳ ಕಿವಿಗೆ ಯಾರು ಆಪರೇಷನ್ ಮಾಡಿದ್ದರು ಎಂದು ಕೇಳಿದೆ. ಶಿಷ್ಯ ಖುದ್ದಾಗಿ ಬಂದು, ಮಂಜು ಇದ್ದ ದಿನವೇ ನೋಡಿ, ಅದೇ ಜಾಗದಲ್ಲಿ ನನ್ನಿಂದ ಹಾಡಿಸಿದ. ಹಾಲ್ ಎಂದಿನಂತೆ ಬೊಬ್ಬೆ ಹೊಡೆಯಿತು.

ಉದ್ಘಾಟನೆಯ ದಿನ ಅದೇ ಬೊಬ್ಬೆಯ ನಡುವೆ ಹಾಡಿದೆ. ನನಗೆ ಆಗ ಗೋಡೆಯ ಹಂಗು ಇರಲಿಲ್ಲ. ಇದನ್ನೆಲ್ಲ ಗೆಸ್ಟುಗಳಿಗೆ ಹೇಳಿ ಟೀಚರ್, ರೂಮು ಖಾಲಿ ಉಳಿಯಲ್ಲ ಎಂದು ಪ್ರೀತಮ್ ದುಂಬಾಲು ಬಿದ್ದ. ಬೈದು ಕಳಿಸಿದೆ. ಗೌಡರು ಬದುಕಿದ್ದಾಗ ಜನ ನಕ್ಕಿದ್ದು ಸಾಕು. ಅವರಿಗೆ ಒಳ್ಳೆಯದಾಗಲಿ, ಎಲ್ಲಿದ್ದರೂ ಕೋಪ ಸ್ವಲ್ಪ ಕಡಿಮೆಯಾಗಿರಲಿ ಎಂದು ದಿನವೂ ದೀಪ ಹಚ್ಚುವಾಗ ನೆನೆಯುತ್ತೇನೆ. ನಂಬಿಕೆ ಬಂದಿದೆಯಾ ಎಂದರೆ ಹೇಳಲಾರೆ. ಬಸ್ಸಿನಲ್ಲಿ ಯಾರಾದರೂ ಕತೆ ತೆಗೆದರೆ ಈಗ ಟಿಕೆಟ್ಟಿನ ವಿಷಯ ಕೇಳುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಆ ಮಧ್ಯಾಹ್ನ ಹಾಡಿ ಬಂದ ವಾರ ಮಕ್ಕಳು ಎಂದಿನಂತೆ ಪಾಠಕ್ಕೆ ಬಂದರು. ಹಾರ್ಮೋನಿಯಂ ಪೆಟ್ಟಿಗೆ ತೆರೆಯಲಿಲ್ಲ. ಚಾಪೆಯ ಮೇಲೆ ಕೂತು ಮೊದಲ ಸಾಲನ್ನು ನಾನೇ ಹಾಡಿ ತೋರಿಸಿದೆ. ಯಾರೂ ನನ್ನ ಹಿಂದೆ ಹಾಡಲಿಲ್ಲ, ಎಲ್ಲರೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಆಪರೇಷನ್ ಆದ ಮೇಲೆ ಸೇರಿದ ಒಂದು ಪುಟ್ಟ ಹುಡುಗಿ ಪಕ್ಕದವಳನ್ನು ತಿವಿದು, "ಅಯ್ಯಾ, ಟೀಚರ್‌ಗೂ ಹಾಡಕ್ಕೆ ಬರ್ತದೆ ಕಣೇ!" ಎಂದಳು.

ಬರ್ತದೆ ಮಗಾ ಎಂದೆ. ಹೇಗೆ ಬಂತು ಎಂದು ಮಾತ್ರ ಅವಳೂ ಕೇಳಲಿಲ್ಲ, ನೀವೂ ಕೇಳಬೇಡಿ. ನನಗೆ ಗೊತ್ತಿಲ್ಲ.