ಗೋಡೆಯ ಬಿರುಕಿನ ಚೀಟಿಗಳು

"ಮಾಟ ಮಾಡೋಕೆ ನನ್ನ ಮನೆಯೇ ಬೇಕಿತ್ತಾ ನಿನಗೆ?" ಮನೆಯೊಡತಿ ತಹ್ರಾ ಅಂಗಳದಲ್ಲಿ ನಿಂತು ಕೂಗಿದಳು. ಅವಳ ಮುಷ್ಟಿಯಲ್ಲಿ ಮಡಿಸಿದ ಚೀಟಿಗಳಿದ್ದವು.

ಬಾಡಿಗೆಯ ಕೋಣೆಯಿಂದ ಯಮ್ನಾ ಬಾಗಿಲಿಗೆ ಬಂದಳು. ಚೀಟಿಗಳು ಅವಳವೇ.

ಗಂಡ ಸತ್ತ ಮೇಲೆ ವಿಧವೆಯ ಶೋಕದ ನಾಲ್ಕು ತಿಂಗಳು ಹತ್ತು ದಿನ ಬಿಳಿ ಬಟ್ಟೆಯುಟ್ಟು ಒಳಗೇ ಕೂತಿದ್ದಳು. ಜೇನು ಸಾಕಿ ಮಾರುತ್ತಿದ್ದ ಅವನೇ ಸಂಜೆ ಅವಳಿಗೆ ಓದಿ ಹೇಳುತ್ತಿದ್ದದ್ದು. ಬಿಳಿ ಕಳಚಿದ ಮರುದಿನವೇ ಮಸೀದಿಯ ಅಕ್ಷರದ ತರಗತಿಗೆ ಹೋದಳು. ಓದು ಬಂತು. ಬರಹ ಮಾತ್ರ ಕೋಳಿ ಕೆದರಿದ ಹಾಗೆ.

"ಒಳ್ಳೆ ಪುಸ್ತಕ ಹುಡುಕಿ, ಲಾಲ್ಲಾ. ದಿನಕ್ಕೊಂದು ಪುಟ ನಕಲು ಮಾಡಿ," ಎಂದಳು ಟೀಚರಮ್ಮ. ಅಲ್ಲಿ ಹೆಂಗಸರನ್ನು ಗೌರವದಿಂದ ಲಾಲ್ಲಾ ಎಂದೇ ಕರೆಯುವುದು.

ಫೆಸ್ ಊರಿನ ಪೇಟೆಯ ಹಳೇ ಪುಸ್ತಕದಂಗಡಿಯಲ್ಲಿ ಚಿನ್ನದಕ್ಷರದ ದಪ್ಪ ಪುಸ್ತಕಕ್ಕೆ ಕೈ ಹಾಕಿದಳು. ಅಂಗಡಿಯ ಮುದುಕ ನಕ್ಕ. "ಅದು ಕಪಾಟಿಗೆ ಚಂದ, ತಂಗಿ. ನಿನಗೆ ಗೊತ್ತಿರೋ ಕೆಲಸದ್ದು ತಗೋ. ಸುಳ್ಳು ಬರೆದಿದ್ರೆ ನೀನೇ ಹಿಡೀಬಹುದು." ಅವಳು ಜೇನು ಸಾಕಣೆಯ ಹರಕು ಪುಸ್ತಕ ತಂದಳು.

ಪ್ರತಿ ಹಾಳೆಯ ತಲೆಯಲ್ಲೂ ದೇವರ ಹೆಸರು ಬರೆಯುತ್ತಿದ್ದಳು. ಆಮೇಲೆ ಬರೆದದ್ದು ಎಷ್ಟು ಕೆಟ್ಟರೂ ಆ ಹಾಳೆ ಕಸಕ್ಕೆ ಹಾಕುವಂತಿಲ್ಲ, ಯಾರೂ ತುಳಿಯುವಂತಿಲ್ಲ. ಮಡಿಸಿ ಗೋಡೆಯ ಬಿರುಕಿಗೆ ತುರುಕಿದಳು. ಗೋಡೆಯಾಚೆ ತಹ್ರಾಳ ಬಾಣಂತಿ ಸೊಸೆ ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದಳು.

"ಬರೆಯೋದು ಕಲೀತಿದ್ದೆ, ಲಾಲ್ಲಾ ತಹ್ರಾ. ಅಷ್ಟೇ."

"ಈ ವಯಸ್ಸಲ್ಲಿ? ಯಾರಿಗೆ ಕಾಗದ ಬರೀತೀಯ, ಗೋರಿಗಾ? ಫಕೀಹರಿಗೆ ಹೇಳಿ ಕಳಿಸಿದ್ದೀನಿ. ಅವರು ಮಾಟ ಅಂದ್ರೆ ಇವತ್ತೇ ಗಂಟುಮೂಟೆ ಕಟ್ಟು."

ಎಲ್ಲಿಗೆ ಹೋಗುವುದು? ಯಮ್ನಾಳಿಗೆ ತವರೂ ಇರಲಿಲ್ಲ.

ಕುರಾನ್ ಕಲಿಸುವ ಫಕೀಹರು ಬಂದರು. ಚೀಟಿಗಳನ್ನು ಒಂದೊಂದಾಗಿ ಬಿಡಿಸಿದರು. ಬೆಳಕಿಗೆ ಹಿಡಿದು ಓದಿದರು.

"ಇದನ್ನ ಎಲ್ಲಿ ನೋಡಿ ಬರೆದೆ?"

ಅವಳು ಹಿಟ್ಟಿನ ಡಬ್ಬಿಯ ಹಿಂದಿಂದ ಪುಸ್ತಕ ತಂದಳು. ಪುಟ ಸಿಗಲಿಲ್ಲ. ಬೆವರಿದ ಬೆರಳು ಹಾಳೆಗೆ ಅಂಟಿತು. ಕೊನೆಗೆ ಸಿಕ್ಕಿತು. ಫಕೀಹರು ಸಾಲಿಗೆ ಸಾಲು ಹೋಲಿಸಿದರು.

"ಕೇಳಮ್ಮ ತಹ್ರಾ. ಇದರಲ್ಲಿರೋದು ಜೇನುಗೂಡಿಗೆ ಹೊಗೆ ಹಾಕೋದು ಹೇಗೆ ಅಂತ. ಹತ್ತು ಸಲ ಬರೆದಿದ್ದಾಳೆ, ಹತ್ತನೇದು ಪರವಾಗಿಲ್ಲ. ಸೊಸೇನ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಚೀಟಿ ನನಗೆ ಕೊಡಿ, ದೇವರ ಹೆಸರಿದೆ, ಯಾರೂ ತುಳಿಯಬಾರದು; ಸುಟ್ಟು ಬೂದೀನ ಮಣ್ಣಲ್ಲಿ ಹೂಳ್ತೀನಿ."

ವಾರದ ಮೇಲೆ ಯಮ್ನಾ ರೊಟ್ಟಿಗೆ ಹಿಟ್ಟು ತೆಗೆಯುತ್ತಿದ್ದಾಗ ತಹ್ರಾ ಬಂದು ಕೂತಳು.

"ಸೊಸೆ ಎದ್ದು ಸೂಪು ಕುಡಿದ್ಲು." ಹಿಟ್ಟಿನ ಡಬ್ಬಿಯ ಹಿಂದಿನ ಪುಸ್ತಕದ ಕಡೆ ನೋಡಿದಳು. "ನನ್ನ ಹೆಸರು ಹೇಗೆ ಬರೀತಾರೆ? ತೋರಿಸು."

ಪೆನ್ಸಿಲ್ ಪಕ್ಕದಲ್ಲೇ ಇತ್ತು. ಹಾಳೆಯೂ ಇತ್ತು. ತಹ್ರಾಳ ಹೆಸರಿರುವ ಚೀಟಿ ಸಿಕ್ಕರೆ ನಾಳೆ ಮತ್ತೆ ಮಾಟ ಎಂದಾರು; ಯಮ್ನಾ ಹಾಳೆ ಮುಟ್ಟಲಿಲ್ಲ. ತಟ್ಟೆಯಲ್ಲಿ ಹಿಟ್ಟು ಹರವಿ ಬೆರಳಿನಿಂದ ಬರೆದಳು. ತಹ್ರಾ ನೋಡಿದ ಮೇಲೆ ಅವಳ ಕಣ್ಣೆದುರೇ ಅಳಿಸಿದಳು.